ಕೊನೆಯ ಹತ್ತು ನಿಮಿಷ ನೋಡದ ಕ್ಯುರೇಟರ್

2023ರ ಚಳಿಗಾಲದಲ್ಲಿ ನಾನು ನ್ಯೂಯಾರ್ಕಿನ ಕ್ವೀನ್ಸ್‌ನ ಒಂದು ಸಣ್ಣ ಚಿತ್ರಮಂದಿರದಲ್ಲಿ ಪ್ರೋಗ್ರಾಂ ಅಸಿಸ್ಟೆಂಟ್ ಆಗಿದ್ದೆ. ಚೀನೀ ಭಾಷೆಯ ಹಾರರ್ ಸಿನಿಮಾ ಬೆಳೆದುಬಂದ ದಾರಿಯನ್ನು ಐದು ಶನಿವಾರಗಳಲ್ಲಿ ತೋರಿಸುವ ಸರಣಿ ಅದು. ಕ್ಯುರೇಟರ್, ಅಂದರೆ ಚಿತ್ರಗಳನ್ನು ಆರಿಸುವ ಹೊಣೆ ಹೊತ್ತವರು, ಧಾರವಾಡ ಮೂಲದ ಪ್ರೊಫೆಸರ್ ಕುಲಕರ್ಣಿ. ನ್ಯೂಜೆರ್ಸಿಯ ಕನ್ನಡಿಗರ ಹಬ್ಬದೂಟಗಳಲ್ಲಿ ಪರಿಚಯವಾದವರು, ನನಗೆ ಅಂಕಲ್.

ಆದರೆ ನಿಜಕ್ಕೂ ಆರಿಸಿದವಳು ನಾನು. ನ್ಯೂಜೆರ್ಸಿಯ ಪಿಸ್ಕಾಟವೇಯಿಂದ ದಿನಾ ಕೆಲಸಕ್ಕೆ ಓಡಾಡುತ್ತಾ ರೈಲಿನಲ್ಲೇ ಚಿತ್ರ ನೋಡಿ ಟಿಪ್ಪಣಿ ಬರೆದೆ. ಮೊದಲನೆಯದು, ಅನ್ಯಾಯವಾಗಿ ಸತ್ತ ಹೆಣ್ಣು ಸೇಡಿಗೆ ಮರಳುವ ಕಪ್ಪುಬಿಳುಪು ಚಿತ್ರ. ಆಮೇಲೆ, ಹಣೆಗೆ ಹಳದಿ ಮಂತ್ರಚೀಟಿ ಅಂಟಿಸಿಕೊಂಡ ಹೆಣಗಳು ಕುಪ್ಪಳಿಸಿ ನಗಿಸುವ ಎಂಬತ್ತರ ದಶಕದ ಹಾಂಕಾಂಗ್ ಚಿತ್ರ. ಇಕ್ಕಟ್ಟಾದ ಅಪಾರ್ಟ್‌ಮೆಂಟಿನ ಒಂಟಿತನವೇ ದೆವ್ವವಾಗುವ ಚಿತ್ರ ಮೂರನೆಯದು. ಕ್ಯಾಮೆರಾದ ಮೂಲಕ ಶಾಪ ಹರಡುವ ತೈವಾನ್ ಚಿತ್ರ ನಾಲ್ಕನೆಯದು. ಕೊನೆಯದು ಚೀನಾದ್ದು. ಅಲ್ಲಿನ ಸೆನ್ಸಾರ್ ನಿಜವಾದ ದೆವ್ವವನ್ನು ಸುಲಭಕ್ಕೆ ಒಪ್ಪುವುದಿಲ್ಲ. ಹಾಗಾಗಿ ಕೊನೆಯ ಹತ್ತು ನಿಮಿಷದಲ್ಲಿ ಡಾಕ್ಟರೊಬ್ಬ ಬಂದು, ಎಲ್ಲವೂ ನಾಯಕಿಯ ಭ್ರಮೆ ಎಂದು ವಿವರಿಸಿಬಿಡುತ್ತಾನೆ.

ನನ್ನ ಮುಂದಿನ ವೀಸಾ ಅರ್ಜಿಗೆ ‘ಸಹ-ಕ್ಯುರೇಟರ್’ ಎಂದು ಅಚ್ಚಾದ ಹೆಸರು ಬೇಕಿತ್ತು. ಅಂಕಲ್ ಒಪ್ಪಿದ್ದರು. ಬ್ರೋಷರ್ ಬಂದಾಗ ವಾಕ್ಯಗಳೆಲ್ಲ ನನ್ನವು, ಹೆಸರು ಅವರೊಬ್ಬರದೇ.

“ಅಂಕಲ್, ನನ್ನ ಹೆಸರೇ ಇಲ್ವಲ್ಲ?”

“ಏ ಹುಚ್ಚಿ, ಮನೀ ಹುಡುಗಿ ನೀ. ನಿನಗ್ಯಾಕ ಹೆಸರು? ನೆಕ್ಸ್ಟ್ ಇಯರ್ ಹಾಕೋಣಂತ.”

ಮುಂದಿನ ವರ್ಷ ನಾನು ಈ ದೇಶದಲ್ಲಿ ಇರುತ್ತೇನೋ ಇಲ್ಲವೋ ಎಂಬುದೇ ಪ್ರಶ್ನೆಯಾಗಿತ್ತು. ನಾನು ಜಗಳ ಮಾಡಲಿಲ್ಲ, ಕಾದೆ.

ಅಂಕಲ್ ಯಾವ ಚಿತ್ರವನ್ನೂ ಪೂರ್ತಿ ನೋಡುತ್ತಿರಲಿಲ್ಲ. ಬ್ರೋಷರಿನಲ್ಲಿ ಚಿತ್ರದ ಅಂತ್ಯವನ್ನು ಬಯಲು ಮಾಡುವ ಪದ್ಧತಿಯಿಲ್ಲ. ಅದನ್ನು ಪ್ರತಿ ಶನಿವಾರ ನಾನೇ ಅವರಿಗೆ ಪರದೆಯ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದೆ. ಐದನೆಯ ಶನಿವಾರವೂ ಕೇಳಿದರು: “ಲಾಸ್ಟಿಗೆ ಏನಾಗ್ತದವಾ?”

“ನೋಟ್ಸ್ ಬರೆದವರು ನೀವು, ನನ್ನನ್ನ ಕೇಳ್ತೀರಲ್ಲ ಅಂಕಲ್!”

“ಬಿಡು, ದೆವ್ವ ಅಂದಮ್ಯಾಲೆ ಸೇಡು ತೀರಿಸ್ಕೊಂಡೇ ತೀರಿಸ್ಕೋತದ,” ಎಂದು ನಕ್ಕು ವೇದಿಕೆ ಹತ್ತಿದರು. ಪಕ್ಕದ ಬಡಾವಣೆ ಫ್ಲಶಿಂಗ್‌ನಿಂದ ಬಂದ ಚೀನೀ ಹಿರಿಯರಿಂದ ಹಾಲ್ ತುಂಬಿತ್ತು. ಅವರೆದುರು, ಇಷ್ಟು ಭಯಂಕರ ಸೇಡು ತೀರಿಸಿಕೊಳ್ಳುವ ದೆವ್ವ ಚೀನಾದ ತೆರೆಯ ಮೇಲೆ ಇನ್ನೊಂದಿಲ್ಲ, ಅಂತ್ಯವನ್ನು ತಪ್ಪಿಸಿಕೊಳ್ಳಬೇಡಿ ಎಂದು ಘೋಷಿಸಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಒಂದೊಂದು ದೃಶ್ಯವನ್ನೂ ಸವಿದೆ.

ಡಾಕ್ಟರ್ ಬಂದ. ವಿವರಿಸಿದ. ಹಾಲ್ ನಕ್ಕಿತು.

ಅಜ್ಜಿಯೊಬ್ಬರು ಮೈಕ್ ಹಿಡಿದು ಕೇಳಿದರು: “ಪ್ರೊಫೆಸರ್, ನಿಮ್ಮ ದೆವ್ವ ಎಲ್ಲಿ ಹೋಯಿತು? ಇಂಥದ್ದನ್ನು ಯಾಕೆ ಆರಿಸಿದಿರಿ?”

ಅಂಕಲ್ ಕಣ್ಣು ನನ್ನನ್ನು ಹುಡುಕಿತು. ಚಿತ್ರಮಂದಿರವನ್ನು ನಡೆಸುವ ನಿರ್ದೇಶಕಿ ಮುಂದಿನ ಸಾಲಿನಲ್ಲಿದ್ದರು. ನಾನು ಎದ್ದು ಹೋಗಿ ಮೈಕ್ ತೆಗೆದುಕೊಂಡೆ. “ಆರಿಸಿದ್ದು ನಾನು. ನಾಲ್ಕು ಚಿತ್ರಗಳಲ್ಲಿ ಜನ ದೆವ್ವಕ್ಕೆ ಹೆದರಿದರು. ಇಲ್ಲಿ ದೆವ್ವಕ್ಕೇ ‘ನೀನು ಇರಲೇ ಇಲ್ಲ’ ಎಂದು ಹೇಳುತ್ತಾರೆ. ನನಗೆ ಅತಿ ಹೆಚ್ಚು ಭಯವಾದದ್ದು ಇದನ್ನು ನೋಡಿ.” ಅಜ್ಜಿ ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಸರಣಿ ಮುಗಿದಿದ್ದರೂ ಸೋಮವಾರ ನಿರ್ದೇಶಕಿ, ದಾಖಲೆಗೆಂದು, ಬ್ರೋಷರನ್ನು ‘ಸಹ-ಕ್ಯುರೇಟರ್’ ಎಂಬ ನನ್ನ ಹೆಸರಿನೊಂದಿಗೆ ಮರುಮುದ್ರಿಸಿದರು. ಅಂಕಲ್ ಫೋನ್ ಮಾಡಿ, “ನಾಕ ಮಂದಿ ಮುಂದ ಮರ್ಯಾದಿ ತಗದಿ,” ಎಂದರು. ಹೌದು ಎಂದೆ.

ಸಿಟ್ಟು ಬಂದ ಕ್ಷಣದಲ್ಲಿ ಸೇಡು ಕೈಗೂಡುವುದಿಲ್ಲ ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ನಮ್ಮ ಶ್ರಮವನ್ನು ಕದ್ದವರು ಅದರ ಬಗ್ಗೆ ನಾಲ್ಕು ಜನರೆದುರು ಉತ್ತರ ಕೊಡಬೇಕಾದ ದಿನ ಬಂದೇ ಬರುತ್ತದೆ. ಅವತ್ತು ಅವರ ನೆರವಿಗೆ ಹೋಗದಿದ್ದರೆ ಸಾಕು.