ಕುದುರೆಯ ಮೂಗು, ಹಸುವಿನ ಮೂಗು

ಐರ್ಲೆಂಡಿಗೆ ಬಂದು ನಾನು ಕಣ್ಣಿಟ್ಟು ನೋಡಿದ ಮೊದಲ ಸಂಗತಿ ಊರಲ್ಲ, ಒಂದು ಕುದುರೆಮರಿಯ ಗಂಟಲು. ಮೂಗಿನ ಹೊಳ್ಳೆಯಿಂದ ಕ್ಯಾಮೆರಾ ಕೊಳವೆ ಇಳಿಸಿದ್ದರು. ಪರದೆಯ ಮೇಲೆ ನಸುಗೆಂಪು ಕದಗಳೆರಡು ಉಸಿರಿಗೊಮ್ಮೆ ತೆರೆದು ಮುಚ್ಚುತ್ತಿದ್ದವು. ಇಲ್ಲಿ ರೇಸ್ ಕುದುರೆಗಳ ಹರಾಜಿಗೆ ಬರುವ ವರ್ಷದ ಮರಿಗಳನ್ನು ಬರೀ ಕಾಲು, ಬೆನ್ನು ನೋಡಿ ಕೊಳ್ಳುವುದಿಲ್ಲ. ಉಸಿರುದಾರಿ ಕಟ್ಟಿದರೆ ಓಟವೂ ಅಲ್ಲಿಗೇ ಮುಗಿಯಿತು.

ಮೂಡಿಗೆರೆಯಲ್ಲಿ ಏಳು ವರ್ಷ ದನದ ಡಾಕ್ಟರಾಗಿದ್ದ ನನಗೆ ಇಲ್ಲಿನ ಮಳೆ ಹೊಸದಲ್ಲ. ಮಂಜು ಥೇಟ್ ನಮ್ಮ ದೇವರಮನೆ ಗುಡ್ಡದ್ದೇ. ಬಾಡಿಗೆ ಕೋಣೆಯ ಒಂಟಿತನಕ್ಕೆ ಊರಿನ ಕಾಫಿಪುಡಿ ಇತ್ತು. ಮಾತೂ ಬೇಗ ಒಗ್ಗಿತು. ಇವರು ಎಲ್ಲಕ್ಕೂ ‘ಗ್ರ್ಯಾಂಡ್’ ಎನ್ನುತ್ತಾರೆ. ಕೇಳಲು ಭರ್ಜರಿ, ಅರ್ಥ ನಮ್ಮ ‘ಅಡ್ಡಿಲ್ಲ’ ಅಷ್ಟೆ. ಒಗ್ಗದೆ ಉಳಿದದ್ದು ನನ್ನ ಎಡಗೈ.

ಒಂದು ಹರಾಜಿನ ಬೆಳಿಗ್ಗೆ, ಕೊಳ್ಳುವವರೊಬ್ಬರ ಪರವಾಗಿ ನೋರಾ ಎಂಬ ಮುದುಕಿಯ ಹೆಣ್ಣುಮರಿಯನ್ನು ಪರೀಕ್ಷಿಸುತ್ತಿದ್ದೆ. ಆ ವರ್ಷ ಆಕೆ ಮಾರಲು ತಂದದ್ದು ಅದೊಂದನ್ನೇ. ಕೊಳವೆ ಒಳಗಿರುವಾಗ ಮರಿ ತಲೆ ಕೊಡವಿತು. ನನ್ನ ಎಡಗೈ ತಾನಾಗಿ ಹೋಗಿ ಅದರ ಮೂಗನ್ನು ಬಿಗಿಯಾಗಿ ಹಿಡಿಯಿತು. ಅದು ಮೂಡಿಗೆರೆಯ ಕಾಂಪೌಂಡರ್ ಯೂಸುಫ್ ಸಾಬರು ಕಲಿಸಿದ ಪಟ್ಟು: “ಮೂಗೊಳಗೆ ಎರಡು ಬೆರಳು ಹಾಕಿ ಗಟ್ಟಿ ಹಿಡೀರಿ ಡಾಕ್ಟ್ರಮ್ಮ, ಎಂಥಾ ಹೋರಿನೂ ಗಪ್‌ಚುಪ್!”

ದನ ಬಾಯಲ್ಲೂ ಉಸಿರಾಡುತ್ತದೆ. ಕುದುರೆಗೆ ಮೂಗೊಂದೇ ದಾರಿ. ಅದು ನನಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಮರಿ ಮುಂಗಾಲೆತ್ತಿ ನಿಂತಿತು. ಪರದೆಯಲ್ಲಿ ಮೆದು ಅಂಗುಳು ಮೇಲೆದ್ದು ಉಸಿರುದಾರಿಗೆ ಅಡ್ಡ ಬಂತು. ಮರಿ ಮೂರು ಸಲ ನುಂಗಿದರೂ ಅಂಗುಳು ಕೆಳಗಿಳಿಯಲಿಲ್ಲ. ನಾನು ಕೊಳವೆ ತೆಗೆದು, ಹಾಳೆಯಲ್ಲಿ ‘ದೋಷವಿದೆ’ ಎಂದು ಬರೆದೆ.

ಹಗ್ಗ ಹಿಡಿದಿದ್ದ ನೋರಾ ಕೂಗಾಡಲಿಲ್ಲ. “ನಿನ್ನ ಮೂಗು ಹೀಗೆ ಹಿಡಿದರೆ ನಿನ್ನ ಗಂಟಲು ನೆಟ್ಟಗಿರುತ್ತಾ, ತಾಯಿ?” ಎಂದಳು.

ಆ ಹಾಳೆ ಹೊರಗೆ ಹೋದರೆ ಮಧ್ಯಾಹ್ನದೊಳಗೆ ಹರಾಜಿನ ಅಂಗಳಕ್ಕೆಲ್ಲ ಸುದ್ದಿ, ಮರಿಗೆ ಬೆಲೆ ಕೂಗುವವರಿರುವುದಿಲ್ಲ. ತಪ್ಪೊಪ್ಪಿಕೊಂಡರೆ, ಹೊರಗಿನಿಂದ ಬಂದ ನನ್ನನ್ನು ಮತ್ತೆ ಯಾರು ಕರೆಯುತ್ತಾರೆ? ಕೊಳ್ಳುವವರಿಗೆ ಫೋನ್ ಮಾಡಿದೆ. “ನಾನು ಮೂಗು ಹಿಡಿದುಬಿಟ್ಟೆ. ಒಂದು ಗಂಟೆ ಬಿಟ್ಟು ಇನ್ನೊಮ್ಮೆ ನೋಡುತ್ತೇನೆ.” ಆ ಕಡೆಯಿಂದ ಬಂದದ್ದು ಒಂದೇ ಮಾತು: “ಗ್ರ್ಯಾಂಡ್.”

ಎರಡನೆಯ ಸಲ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೆ. ಅಂಗುಳು ತನ್ನ ಜಾಗದಲ್ಲಿತ್ತು. ಕದಗಳೆರಡೂ ಸಮನಾಗಿ, ಪೂರ್ತಿ ತೆರೆದವು. ಎರಡೂ ಪರೀಕ್ಷೆಗಳನ್ನೂ ನನ್ನ ತಪ್ಪನ್ನೂ ಹಾಳೆಯಲ್ಲಿ ಬರೆದು ಸಹಿ ಹಾಕಿದೆ. ಸಂಜೆಗೆ ಅವರೇ ಮರಿಯನ್ನು ಕೊಂಡರು. ಮುಂದಿನ ಹರಾಜಿಗೂ ನನ್ನನ್ನೇ ಕರೆದರು. ಈಗ ಆ ಅಂಗಳದಲ್ಲಿ ಯಾರೂ ನನಗೆ ದಾರಿ ತೋರಿಸಬೇಕಿಲ್ಲ.

ಕಳೆದ ರಜೆಯಲ್ಲಿ ಊರಿಗೆ ಬಂದಾಗ ಕಳಸದ ಹತ್ತಿರ ಒಂದು ಕೊಟ್ಟಿಗೆಗೆ ಯೂಸುಫ್ ಸಾಬರ ಜೊತೆ ಹೋಗಿದ್ದೆ. ದಾರಿಯಲ್ಲಿ ಅವರಿಗೆ ನೋರಾಳ ಮರಿಯ ಕಥೆ ಹೇಳಿದ್ದೆ. ಗಿಡ್ಡ ತಳಿಯ ಹಸು ತಲೆ ಕೊಡವಿತು. ನನ್ನ ಕೈ ಅದರ ಮೂಗಿನವರೆಗೆ ಹೋಗಿ ಗಾಳಿಯಲ್ಲೇ ನಿಂತಿತು. ಹಸು ನುಣುಚಿಕೊಂಡು ಹಿತ್ತಲಿಗೆ ಓಡಿತು.

“ಹಿಡೀರಿ ಮಾರಾಯ್ರೆ,” ಎಂದು ಸಾಬರು ನಕ್ಕರು. “ಅದು ಕುದ್ರೆ ಅಲ್ಲ!”