ಒಡ್ನಿಯ ಒಳಂಗಿ, ದೊಡ್ಡಬಂಡೆಯ ಜಾಗ

"ಒಡ್ನಿ ಗಂಡನನ್ನಾದರೂ ತೊಳೆದಾಳು, ಆ ಒಳಂಗಿಯನ್ನು ಮಾತ್ರ ತೊಳೆಯುವವಳಲ್ಲ" ಎಂದು ನಮ್ಮ ಕಣಿವೆಯ ಹೆಂಗಸರು ಹೇಳಿಕೊಂಡು ನಗುತ್ತಿದ್ದರು. ಗಂಡಸರ ಮಾತು ಬೇರೆ ಇತ್ತು. "ಅವಳು ಹೊಂಚು ಕೂತರೆ ಹಕ್ಕಿ ಬಂದು ತಲೆ ಮೇಲೆ ಗೂಡು ಕಟ್ಟಬೇಕು, ಹಾಗೆ ಕೂರ್ತಾಳೆ" ಎನ್ನುತ್ತಿದ್ದರು. ಎರಡೂ ಹೆಚ್ಚು ಕಡಿಮೆ ನಿಜ. ಅವಳ ಪಕ್ಕದ ಮನೆಯಲ್ಲೇ ಮುದುಕಿಯಾದವಳು ನಾನು, ಯೋರುನ್, ನನಗೆ ಗೊತ್ತು.

ವರ್ಷವೆಲ್ಲ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದಳು ಒಡ್ನಿ. ದೊಡ್ಡ ಕೈ, ಸಣ್ಣ ಕಣ್ಣು, ಮಾತು ಕಡಿಮೆ. ಸೆಪ್ಟೆಂಬರ್ ಕೊನೆಗೆ ಮೂಸ್ ಬೇಟೆ, ಆ ದೈತ್ಯ ಕಾಡುಜಿಂಕೆಯ ಬೇಟೆ, ಶುರುವಾಯಿತೆಂದರೆ ಟ್ಯಾಂಕರಿನ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಕೋವಿ ಹೆಗಲಿಗೇರಿಸುತ್ತಿದ್ದಳು. ಜೌಗಿನ ಮೇಲೆ ದೊಡ್ಡಬಂಡೆಯ ಹತ್ತಿರದ ಹೊಂಚಿನ ಜಾಗ ಅವಳ ಅಪ್ಪನದು. ಅಪ್ಪ ಸತ್ತಾಗ ಅದು ಅಣ್ಣನಿಗೆ ಹೋಗಬೇಕಿತ್ತು. ಅಣ್ಣನಿಗೆ ಸುಮ್ಮನೆ ಕೂರುವುದೆಂದರೆ ಆಗದು, ಕೆಮ್ಮುತ್ತಾನೆ, ಸಿಗರೇಟು ಹಚ್ಚುತ್ತಾನೆ. ಹಾಗಾಗಿ ಬೇಟೆಯ ತಂಡದವರು ಗೊಣಗುತ್ತಲೇ ಒಡ್ನಿಗೆ ಕೊಟ್ಟರು. ಆಮೇಲೆ ಯಾರೂ ಗೊಣಗಲಿಲ್ಲ.

ಇನ್ನು ಆ ಒಳಂಗಿ. ಮೆರಿನೋ ಉಣ್ಣೆಯದು, ಬೂದು ಬಣ್ಣ, ದಪ್ಪ ನೇಯ್ಗೆ. ಬೇಟೆ ಮುಗಿಸಿ ಬಂದವಳು ಅದನ್ನು ಮಂಜು ಬೀಳುವ ಅಂಗಳದ ತಂತಿಯ ಮೇಲೆ ಹಾಕುವಳು. ಬೆಳಗಾಗುವುದರೊಳಗೆ ಬೆವರಿನ ವಾಸನೆಯನ್ನು ಗಾಳಿ ತಿಂದುಹಾಕಿರುತ್ತಿತ್ತು. ಉಣ್ಣೆಗೆ ಅಷ್ಟು ಸಾಕು, ಸುಮ್ಮನೆ ಉಜ್ಜಿ ಉಜ್ಜಿ ಒಗೆದರೆ ಅದರ ಆಯುಸ್ಸೇ ಕರಗುತ್ತದೆ ಎನ್ನುವಳು. ಕೋವಿಯ ಪಟ್ಟಿ ಉಜ್ಜುವ ಹೆಗಲಿನ ಹತ್ತಿರ ಸಣ್ಣ ಸಣ್ಣ ಉಣ್ಣೆಯ ಗಂಟುಗಳು ಎದ್ದವೋ, ಅಂದೇ ಸೂಜಿ ಹಿಡಿದು ಕೂರುವಳು. ತೂತು ಬಿದ್ದ ಮೇಲೆ ರಫು ಮಾಡುವುದು ಸೋಮಾರಿಗಳ ಕೆಲಸವಂತೆ, ಬೀಳುವ ಮೊದಲೇ ಮಾಡಬೇಕಂತೆ. ಹಾಗೆ ಆ ಅಂಗಿ ಬಾಳಿತು. ಅವಳ ಮಕ್ಕಳು ಹುಟ್ಟಿ, ಬೆಳೆದು, ಮೀಸೆ ಬಿಟ್ಟರೂ ಅಂಗಿ ಇತ್ತು.

ಅವಳು ಅರವತ್ತು ದಾಟಿದ ಶರತ್ಕಾಲ. ಬೇಟೆಗೆ ಇನ್ನೊಂದೇ ದಿನ. ಗಂಡ ತೂರ್ಲೈಫ್‌ನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ಮನೆಯ ಬಟ್ಟೆಯನ್ನೆಲ್ಲ ತಾನೇ ಒಗೆದುಬಿಡುತ್ತೇನೆಂದು ವಾಷಿಂಗ್ ಮೆಷಿನ್ನಿಗೆ ತುಂಬಿದ. ಹಾಸಿಗೆಯ ಹೊದಿಕೆ ಹಾಕುವ ಬಿಸಿನೀರಿಗೇ ಒಳಂಗಿಯನ್ನೂ ಹಾಕಿದ.

ತೂರ್ಲೈಫ್‌ನ ಕೂಗು ಕೇಳಿ ನಾನು ಓಡಿಹೋದೆ. ಮೇಜಿನ ಮೇಲೆ ಅಂಗಿ ಇತ್ತು. ಕುಗ್ಗಿ, ಕಂಬಳಿಯಂತೆ ಗಟ್ಟಿ. ತೊಟ್ಟಿಲ ಮಗುವಿಗೆ ಹಾಕಬಹುದಿತ್ತು.

"ಇದೇನಿದು?" ಎಂದಳು ಒಡ್ನಿ, ತಣ್ಣಗೆ.

"ನಾತ ಹೊಡೀತಿತ್ತು ಕಣೇ," ಎಂದ ತೂರ್ಲೈಫ್. "ನಾಳೆ ಹೊಸ ಮದುವಣಗಿತ್ತಿ ಹಂಗೆ ಹೋಗ್ಲಿ ಅಂತ..."

"ಮೂಸ್ ಏನು ನನ್ನ ಮದುವೆ ಆಗೋಕೆ ಬರುತ್ತೇನೋ?"

"ಎಳೆದ್ರೆ ಹಿಗ್ಗಬಹುದು. ಯೋರುನ್, ನೀನೊಂದು ತೋಳು ಹಿಡ್ಕೋ," ಎಂದ ನನಗೆ.

ನಾವು ಹಿಡಿದೆಳೆದೆವು. ಹಿಗ್ಗಲಿಲ್ಲ. ಒಡ್ನಿ ಅದನ್ನು ಕಿತ್ತುಕೊಂಡು ಕಪಾಟಿನಲ್ಲಿಟ್ಟಳು. "ಇನ್ನು ನೀನು ಆ ಮೆಷಿನ್ ಇರೋ ಕೋಣೆಗೆ ಕಾಲಿಟ್ರೆ ನಿನ್ನನ್ನೇ ಅದರೊಳಗೆ ಹಾಕ್ತೀನಿ," ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ.

ಪೇಟೆಯ ಅಂಗಡಿಯಿಂದ ಹೊಸದು ತಂದಳು. ಅದೂ ಮೆರಿನೋ ಉಣ್ಣೆಯೇ, ಆದರೆ ಎಷ್ಟು ನವಿರೆಂದರೆ ಒಳಗೆ ಕೈ ಹಾಕಿದರೆ ಬೆರಳು ಹೊರಗೆ ಕಾಣುತ್ತಿತ್ತು. ಮೈಗೆ ಬೆಣ್ಣೆಯಂತೆ. ಎರಡನೆಯ ವಾರದ ಹೊತ್ತಿಗೆ ಕೋವಿಯ ಪಟ್ಟಿ ಅದರ ಹೆಗಲನ್ನು ತಿಂದುಬಿಟ್ಟಿತು. ತೂತಿನ ಮೇಲೆ ಪಟ್ಟಿ ಉಜ್ಜದಿರಲೆಂದು ಒಡ್ನಿ ಒಂದು ಬೆಳಿಗ್ಗೆ ಅವಸರದಲ್ಲಿ ಕರವಸ್ತ್ರ ಮಡಿಚಿ ತುರುಕಿಕೊಂಡಳು. ಹತ್ತಿಯ ಕರವಸ್ತ್ರ! ಬಂಡೆಗೆ ಏರುವ ದಾರಿ ಕಡಿದು, ಬೆವರು ಕಿತ್ತುಕೊಂಡು ಬರುತ್ತದೆ. ಹತ್ತಿ ಅದನ್ನೆಲ್ಲ ಕುಡಿಯಿತು. ಕೂತ ಮೇಲೆ ಜೌಗಿನ ಕಡೆಯಿಂದ ಗಾಳಿ ಬೀಸಿತು. ಒದ್ದೆ ಬಟ್ಟೆ ಹೆಗಲ ಮೇಲೆ ಮಂಜುಗಡ್ಡೆಯಾಗಿ ಕೂತಿತು. ಕೈ ಮರಗಟ್ಟಿತು, ಹಲ್ಲು ಕಟಕಟ ಎಂದಿತು. ಕೊನೆಗೆ ಒಡ್ನಿ ಎದ್ದಳು. ತೋಳು ಬೀಸುತ್ತ ಬಂಡೆಯ ಮರೆಯಿಂದ ಎರಡು ಹೆಜ್ಜೆ ಆಚೆ ಬಂದಳು.

ನಮ್ಮಲ್ಲಿ ಇದಕ್ಕೆ ಕ್ಷಮೆ ಇಲ್ಲ. ಬೇಟೆಯ ಸುತ್ತು ಮುಗಿಯಿತು ಎಂದು ತಂಡದ ಮುಖಂಡ ವಾಕಿಟಾಕಿಯಲ್ಲಿ ಹೇಳುವ ತನಕ ಕೂತವರು ಕೂತಲ್ಲೇ ಇರಬೇಕು. ಯಾರು ಎಲ್ಲಿದ್ದಾರೆ ಎಂಬ ನಂಬಿಕೆಯ ಮೇಲೇ ಉಳಿದವರು ಗುಂಡು ಹಾರಿಸುವುದು. ಆವತ್ತು ಜೌಗಿನ ಆಚೆ ಕೂತಿದ್ದವನು ಅವಳ ತಂಗಿಯ ಮಗ ಹಲ್ವೋರ್, ತಂಡದ ಮುಖಂಡನೂ ಅವನೇ. ನಾಯಿ ಎಬ್ಬಿಸಿದ ಗಂಡು ಮೂಸ್ ಅವನ ಗುರಿಗೆ ಬಂದಿತ್ತು, ಬೆರಳು ಕೋವಿಯ ಕುದುರೆಯ ಮೇಲಿತ್ತು. ಮೂಸ್‌ನ ಬೆನ್ನಿನಾಚೆ ಒಡ್ನಿಯ ಕೆಂಪು ಟೋಪಿ ಕಂಡಿತು, ಗುಂಡು ಹಾರಿಸದೆ ಕೋವಿ ಇಳಿಸಿದ.

ಸಂಜೆ ಅವನು ಒಡ್ನಿಯ ಅಡುಗೆಮನೆಗೆ ಬಂದ. ಕಾಫಿ ಬಗ್ಗಿಸಿಕೊಟ್ಟರೆ ಮುಟ್ಟಲಿಲ್ಲ.

"ದೊಡ್ಡಮ್ಮ, ನಾನು ನಿನ್ನನ್ನ ಹೊಡೆದುಬಿಡ್ತಿದ್ದೆ."

"ಗೊತ್ತು."

"ನಿನ್ನ ಜಾಗ ಕಿತ್ಕೊಳ್ತಿದ್ದೀನಿ. ಇನ್ನು ಮೇಲೆ ಕೆಳಗೆ ರಸ್ತೆ ಹತ್ರ ಕೂತ್ಕೋ. ಚಳಿಯಾದ್ರೆ ಕಾರಿದೆ, ಹತ್ತಿ ಕೂರಬಹುದು."

ತೂರ್ಲೈಫ್ ಎದ್ದು ನಿಂತ. "ತಪ್ಪು ನಂದು ಕಣೋ ಹಲ್ವೋರ್. ಅಂಗಿ ಹಾಳು ಮಾಡಿದ್ದು ನಾನು."

"ನೀನು ಸುಮ್ನಿರು," ಎಂದಳು ಒಡ್ನಿ. "ಎದ್ದಿದ್ದು ನಾನು. ಹತ್ತಿ ತುರುಕ್ಕೊಂಡಿದ್ದೂ ನಾನೇ, ಹತ್ತಿ ಹಾಕಬೇಡಿ ಅಂತ ಮೂವತ್ತು ವರ್ಷ ಬೇರೆಯವರಿಗೆ ಬುದ್ಧಿ ಹೇಳಿದವಳು." ಆಮೇಲೆ ಹಲ್ವೋರ್‌ನ ಕಡೆ ತಿರುಗಿದಳು. "ಹಿಮ ಬಿದ್ದ ಮೇಲೆ ಒಂದು ದಿನ ನನ್ನನ್ನ ಬಂಡೆ ಹತ್ರ ಕೂರಿಸು. ಕೋವಿ ಬೇಡ, ಖಾಲಿ ಪಟ್ಟಿಗೆ ಕೋವಿಯಷ್ಟೇ ತೂಕದ ಕಲ್ಲು ಕಟ್ಕೊಂಡು ಹೋಗ್ತೀನಿ. ನೀನು ನಿನ್ನ ಜಾಗದಲ್ಲಿ ಕೂತು ದುರ್ಬೀನು ಹಾಕ್ಕೊಂಡು ನೋಡು. ಅಲ್ಲಾಡಿದ್ರೆ ರಸ್ತೆಗೆ ನಾನೇ ಹೋಗ್ತೀನಿ, ಮಾತಾಡಲ್ಲ."

"ಎಷ್ಟು ಹೊತ್ತು?"

"ನೀನು ಮುಗೀತು ಅನ್ನೋವರೆಗೆ."

"ನಾನು ಹೇಳದೇ ಹೋದ್ರೆ?"

"ನಿಮ್ಮಮ್ಮನಿಗೆ ನೀನೇ ಉತ್ತರ ಕೊಡು."

ಹಲ್ವೋರ್ ಆಗ ಕಾಫಿ ಕುಡಿದ.

ಬಾಳುವ ಒಳಂಗಿ ಮಾಡುವ ಕೆಲಸವನ್ನು ಅವಳು ಹೇಗೆ ಹಿಡಿದಳೆಂದರೆ, ಟ್ಯಾಂಕರ್ ನಿಲ್ಲಿಸಿ ಹಾಲು ತುಂಬುವಷ್ಟು ಹೊತ್ತಿನಲ್ಲೂ ಮಡಿಲಲ್ಲಿ ಸೂಜಿ ಇರುತ್ತಿತ್ತು. ಹಳೆಯ ಅಂಗಿಯಷ್ಟು ದಪ್ಪದ್ದು ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಹೊಸದು ಉಜ್ಜಾಟ ತಾಳುವುದಿಲ್ಲ. ಕಪಾಟಿನಿಂದ ಕುಗ್ಗಿದ ಅಂಗಿ ತೆಗೆದು ಬೆರಳಿನಲ್ಲಿ ಒತ್ತಿ ನೋಡಿದಳು, ಚಾಕುವಿನ ಹಿಡಿಯಿಂದ ಉಜ್ಜಿ ನೋಡಿದಳು. ಬಿಸಿನೀರು ಆ ಉಣ್ಣೆಯನ್ನು ಎಂಥ ಗಟ್ಟಿ ಮಾಡಿತ್ತೆಂದರೆ ಕತ್ತರಿಸಿದ ಅಂಚಿನಿಂದ ಒಂದು ಎಳೆಯೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಅದನ್ನೇ ಕತ್ತರಿಸಿ ಹೊಸ ಅಂಗಿಯ ಹೆಗಲಿಗೆ, ಮೊಣಕೈಗೆ, ಸೊಂಟದ ಪಟ್ಟಿ ಕೂರುವ ಕಡೆಗೆ ತೇಪೆ ಹಾಕಿದಳು.

ಮೊದಲ ಸಲ ಕೆಟ್ಟಿತು. ಗಟ್ಟಿಯಾಗಿರಲೆಂದು ಹೊಲಿಗೆ ಯಂತ್ರದ ದಾರದಲ್ಲಿ ಬಿಗಿಯಾಗಿ ಹೊಲಿದಿದ್ದಳು. ಬೆನ್ನಿಗೆ ಕಲ್ಲಿನ ಚೀಲ ಹಾಕಿಕೊಂಡು ಗುಡ್ಡ ಹತ್ತಿಳಿದು ಬಂದರೆ, ಹೊಲಿಗೆಯ ಗೆರೆಯ ಉದ್ದಕ್ಕೂ ತೆಳು ಉಣ್ಣೆ ಕತ್ತರಿಸಿದಂತೆ ಹರಿದಿತ್ತು. ತೇಪೆ ನೆಟ್ಟಗೆ ಕೂತಿತ್ತು, ಅಂಗಿ ಹೋಗಿತ್ತು.

ಅಂಗಡಿಯ ಮುಂದೆ ಹೆಂಗಸರು ಕಿಚಾಯಿಸಿದರು. "ಏನೇ ಒಡ್ನಿ, ಕಲ್ಲು ಹೊತ್ಕೊಂಡು ಓಡಾಡ್ತೀಯಂತೆ? ಹರಕೆಯೇನು?"

"ಹೂಂ, ನಿಮ್ಮ ಬಾಯಿ ನಿಲ್ಲಲಿ ಅಂತ," ಎಂದು ಇನ್ನೊಂದು ಅಂಗಿ ಕೊಂಡು ಬಂದಳು.

ಈ ಸಲ ಉಣ್ಣೆಯ ಎಳೆಯಲ್ಲೇ, ಕೈಯಲ್ಲೇ, ಸಡಿಲವಾಗಿ ಹೊಲಿದಳು. ಮೈ ಬಾಗಿದರೆ ಹೊಲಿಗೆಯೂ ಬಾಗಬೇಕು, ಹಾಗೆ. ತೂರ್ಲೈಫ್ ಎದುರು ಕೂತು ದೀಪ ಸರಿಸುತ್ತ, ಎಳೆ ಪೋಣಿಸಿ ಕೊಡುತ್ತ ತನ್ನ ತಪ್ಪಿನ ಬಾಕಿ ತೀರಿಸಿದ. ಅವಳು ಮತ್ತೆ ಕಲ್ಲು ಹೊತ್ತಳು. ಒಂದು ಹೊಲಿಗೆಯೂ ಬಿಚ್ಚಲಿಲ್ಲ.

ಹಿಮ ಬಿದ್ದ ಮೊದಲ ಭಾನುವಾರ ಅವಳು ಬಂಡೆಯ ಹತ್ತಿರ ಹೋಗಿ ಕೂತಳು. ಹಲ್ವೋರ್ ಜೌಗಿನ ಆಚೆ. ಅವನ ಪಕ್ಕ ಸಾಕ್ಷಿಗೆಂದು ನಾನು. ಬೆಳಕು ಹರಿಯಿತು, ಗಾಳಿ ಎದ್ದಿತು. ಒಂದು ನರಿ ಅವಳ ಕಾಲ ಬುಡದಲ್ಲೇ ಮೂಸಿಕೊಂಡು ಹೋಯಿತು. ದುರ್ಬೀನಿನಲ್ಲಿ ಕೆಂಪು ಟೋಪಿ ಕಲ್ಲಿಗೆ ಕೆತ್ತಿದ ಹಾಗೆ ಇತ್ತು. ಬುತ್ತಿಯ ಬ್ರೆಡ್ಡೂ ಕಂದು ಚೀಸೂ ನಮ್ಮಿಬ್ಬರ ಹೊಟ್ಟೆ ಸೇರಿದವು. ನನ್ನ ಪಾದಗಳು ನನ್ನವೇ ಎಂಬುದು ಮರೆತುಹೋಯಿತು.

"ಸಾಕು ಬಿಡೋ, ಪಾಪ," ಎಂದೆ.

"ಇರು. ನನ್ನ ಬೆರಳು ಇನ್ನೂ ಆ ಕುದುರೆ ಮೇಲಿದೆ, ಯೋರುನ್," ಎಂದ. ಅವನು ಹಟಕ್ಕೆ ಬಿದ್ದಿರಲಿಲ್ಲ, ಹೆದರಿದ್ದ. ಅವನು ನಂಬುವ ತನಕ ಅವಳು ಕೂರಬೇಕಿತ್ತು, ಅಷ್ಟೇ.

ಹೊತ್ತು ಇಳಿಯತೊಡಗಿದಾಗ ಅವನು ದುರ್ಬೀನು ಕೆಳಗಿಟ್ಟ. ವಾಕಿಟಾಕಿ ಎತ್ತಿದ. "ದೊಡ್ಡಮ್ಮ, ಎದ್ದು ಬಾ. ಕಾಫಿ ಕುಡಿಯೋಣ."

ಟೋಪಿ ಅಲುಗಲಿಲ್ಲ.

"ದೊಡ್ಡಮ್ಮ, ಕೇಳಿಸ್ತಾ?"

"ಕೇಳಿಸ್ತು," ಎಂದಿತು ಪೆಟ್ಟಿಗೆ, ಹಲ್ಲು ಕಟಕಟಿಸದ ಗಟ್ಟಿ ಧ್ವನಿಯಲ್ಲಿ. "ಕಾಫಿಗೋಸ್ಕರ ಜಾಗ ಬಿಟ್ಟೆದ್ದೋಳು ಅನ್ನೋ ಹೆಸರು ನನಗೆ ಬೇಡ. ಮುಖಂಡನ ಹಾಗೆ ಹೇಳು."

ಹಲ್ವೋರ್ ನನ್ನ ಮುಖ ನೋಡಿದ. ಪೆಟ್ಟಿಗೆಯನ್ನು ಮತ್ತೆ ಬಾಯಿಗೆ ಹಿಡಿದ. "ಸುತ್ತು ಮುಗಿಯಿತು. ದೊಡ್ಡಬಂಡೆ, ಏಳಬಹುದು."

ಆಗ ಎದ್ದಳು ಮಹಾರಾಯ್ತಿ. ಮಂಡಿ ಹಿಡಿದುಕೊಂಡಿತ್ತು, ಬಂಡೆ ಹಿಡಿದುಕೊಂಡು ಎದ್ದಳು.

ಆಮೇಲೆ ಅನೇಕ ಶರತ್ಕಾಲ ಅವಳು ಅಲ್ಲೇ ಕೂತಳು. ವರ್ಷಕ್ಕೊಮ್ಮೆ ಗುರಿಯ ಪರೀಕ್ಷೆ ಪಾಸಾದಳು, ವರ್ಷಕ್ಕೊಮ್ಮೆ ತೇಪೆಯ ಅಂಚು ಸವರಿ ನೋಡಿದಳು. ಹಲ್ವೋರ್ ರಸ್ತೆಯ ಮಾತೆತ್ತಲಿಲ್ಲ. ಎಪ್ಪತ್ತು ದಾಟಿ ಎದೆ ತೊಂದರೆ ಕೊಡತೊಡಗಿದಾಗ ಒಂದು ಸಲ ಎತ್ತಿದ. "ಕಿತ್ಕೊಳ್ತೀಯೋ, ಕೇಳ್ತೀಯೋ?" ಎಂದಳು. "ಕೇಳ್ತೀನಿ" ಎಂದ. "ಹಾಗಿದ್ರೆ ಬೇಡ" ಎಂದಳು.

ಅವಳ ಪ್ರಾಣ ಹೋದದ್ದೂ ಅಲ್ಲಿಯೇ. ಸುತ್ತು ಮುಗಿದು ಎಲ್ಲರೂ ವಾಕಿಟಾಕಿಯಲ್ಲಿ ಉತ್ತರ ಕೊಟ್ಟರು, ದೊಡ್ಡಬಂಡೆ ಕೊಡಲಿಲ್ಲ. ಅದರ ಮೇಲೆ ಹೆಚ್ಚು ಹೇಳಲಾರೆ. ಆ ದಿನ ಬೆಳಿಗ್ಗೆ ಅವಳು ಮನೆಯಿಂದ ಹೊರಟದ್ದನ್ನು ಹೇಳಬಲ್ಲೆ, ಕಾರು ತಂದು ಅಂಗಳದಲ್ಲಿ ನಿಲ್ಲಿಸಿದವಳು ನಾನೇ.

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬಗ್ಗಲಾಗದೆ ತೂರ್ಲೈಫ್‌ನ ಕೈಗೆ ಕಾಲು ಕೊಟ್ಟಿದ್ದಳು. ಅವನು ನೆಲಕ್ಕೆ ಮಂಡಿಯೂರಿ ಅವಳ ಬೂಟಿನ ಲಾಡಿ ಕಟ್ಟುತ್ತಿದ್ದ.

"ಏರು ಹತ್ತಬಾರದು ಅಂದಿಲ್ವಾ ಡಾಕ್ಟರು?"

"ಜೋರಾಗಿ ಹತ್ತಬಾರದು ಅಂದ್ರು."

"ಸುಳ್ಳು ಹೇಳ್ತೀಯ ಕಣೇ. ನಾನೂ ಅಲ್ಲೇ ಇದ್ದೆ."

"ಇದ್ದ ಮೇಲೆ ಯಾಕೆ ಕೇಳ್ತೀಯ? ಬಿಗಿಯಾಗಿ ಕಟ್ಟು, ಅಲ್ಲಿ ಬಿಚ್ಚಿದ್ರೆ ಕಟ್ಟೋರಿಲ್ಲ."

ಅವನು ಬಿಚ್ಚಿ, ಇನ್ನೊಮ್ಮೆ ಬಿಗಿಯಾಗಿ ಕಟ್ಟಿದ. ಎದ್ದು ಅವಳನ್ನೂ ಎಬ್ಬಿಸಿದ. ಕೋವಿ ತೆಗೆದು ಅವಳ ಹೆಗಲಿಗೆ ಹಾಕಿದ, ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ತಟ್ಟಿ ನೋಡಿದ.

"ಬಾಗಿಲು ಹಾಕ್ಕೋ," ಎಂದಳು ಅವಳು, "ಒಳಗಿನ ಬಿಸಿಯೆಲ್ಲ ಆಚೆ ಹೋಗ್ತಿದೆ." ಎಂದವಳೇ ಮೆಟ್ಟಿಲಿಳಿದು, ನನ್ನ ಕೈ ಹಿಡಿಯದೆ, ನನಗಿಂತ ಮುಂದಾಗಿ ಕಾರಿನ ಕಡೆ ನಡೆದಳು.