ರೀಲು ಮುಗಿಸುವ ಚಿತ್ರಗಳು

ಅವನು ಪುಕ್ಕಲ. ಇದರಲ್ಲಿ ಎರಡು ಮಾತಿಲ್ಲ. ಹೆಂಡತಿ ಬಲ್ಲಳು, ಬೀದಿ ಬಲ್ಲದು, ಅವನೂ ಬಲ್ಲ. ನಾಯಿ ಎದುರಾದರೆ ರಸ್ತೆ ದಾಟುವವನು. ಯಾರಾದರೂ ಬಾಗಿಲು ಜೋರಾಗಿ ತಟ್ಟಿದರೆ, ತಾನು ಏನು ತಪ್ಪು ಮಾಡಿರಬಹುದೆಂದು ಮೊದಲು ಯೋಚಿಸಿ ಆಮೇಲೆ ಚಿಲಕ ತೆಗೆಯುವವನು. ಕೆಲವರ ಹೆದರಿಕೆಯಲ್ಲಿ ವಿವೇಕವಿರುತ್ತದೆ. ಇವನದರಲ್ಲಿ ಅದೂ ಇರಲಿಲ್ಲ.

ಬೀದಿಯ ತಿರುವಿನಲ್ಲಿ, ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಒಂದು ಬೆಂಚು, ಕನ್ನಡಿ, ಹಲ್ಲು ಮುರಿದ ಬಾಚಣಿಗೆ. ನಡುಕೋಣೆಯಲ್ಲಿ ಬೂದು ಬಣ್ಣದ ಪರದೆ, ಎರಡು ದೀಪ, ಗರಗರ ತಿರುಗುವ ಸ್ಟೂಲು. ಹಿಂದೆ ಡಾರ್ಕ್ ರೂಮು, ಅದರ ಪಕ್ಕದಲ್ಲಿ ಒಂದು ಕಿಟಕಿ. ಸುತ್ತಲಿನ ಜನ ಎಳೆಗೂಸಾಗಿದ್ದಾಗ ತಾಯಿಯ ತೋಳಿನಲ್ಲಿ ಬಂದು ಆ ಸ್ಟೂಲಿನ ಮುಂದೆ ಅತ್ತವರು. ಆಮೇಲೆ ಶಾಲೆಗೆ, ನೌಕರಿಗೆ, ಮದುವೆಗೆ ಎಂದು ಮತ್ತೆ ಮತ್ತೆ ಬಂದು ಕೂತವರು. ಕೂತವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ ಮಾತು, "ಸ್ವಲ್ಪ ನಗಿ." ಬೀದಿಯ ಮಕ್ಕಳು ಅದನ್ನೇ ಅವನ ಹೆಸರು ಮಾಡಿಬಿಟ್ಟಿದ್ದರು. ಸ್ವಲ್ಪನಗಿ ತಾನು ನಕ್ಕದ್ದನ್ನು ಕಂಡವರು ಕಡಿಮೆ.

ಅದು ಇನ್ನೂ ರೀಲಿನ ಕಾಲ. ರೀಲು ಪೂರ್ತಿಯಾಗದೆ ತೊಳೆಯುವುದು ದಂಡ. ಗಿರಾಕಿಗಾದರೋ ಸಂಜೆಗೇ ಫೋಟೋ ಬೇಕು. ಹಾಗಾಗಿ ಕೊನೆಯಲ್ಲಿ ಉಳಿದ ಒಂದೆರಡು ಚಿತ್ರವನ್ನು ಗೋಡೆಗೋ ಚಾವಣಿಗೋ ಹೊಡೆದು ರೀಲು ಮುಗಿಸುವುದು ಸ್ಟುಡಿಯೋದವರ ರೂಢಿ. ಇವನು ಹಿಂದಿನ ಕಿಟಕಿಯಿಂದ ಹೊಡೆಯುತ್ತಿದ್ದ.

ಕಿಟಕಿಯ ಕೆಳಗೆ ಮೂರು ಅಂತಸ್ತಿನ ವಸತಿ ಕಟ್ಟಡದ ಹಿತ್ತಲು. ಅದರ ಉದ್ದಕ್ಕೂ ಬಟ್ಟೆ ಒಣಗಿಸುವ ತಂತಿಗಳು. ಅವನು ತೆಗೆಯುತ್ತಿದ್ದದ್ದು ಆ ಬಟ್ಟೆಗಳನ್ನು. ಮೊದಮೊದಲು ಬೆಳಕು ಚೆನ್ನಾಗಿ ಬೀಳುತ್ತದೆಂದು ತೆಗೆದ. ಆಮೇಲೆ ಬಿಡಲಾಗಲಿಲ್ಲ. ಸ್ಟೂಲಿನ ಮೇಲೆ ಕೂತವರು ಮುಖವನ್ನು ಇಸ್ತ್ರಿ ಮಾಡಿಕೊಂಡು ಬಂದಿರುತ್ತಾರೆ. ತಂತಿಯ ಮೇಲೆ ಯಾರೂ ಹಾಗೆ ಬರುವುದಿಲ್ಲ. ಒಂದು ಕಾರ್ಖಾನೆಯ ನೀಲಿ ಅಂಗಿ ವಾರಗಟ್ಟಲೆ ಕಾಣದೆ ಹೋದಾಗ, ಆ ಮನೆಯಾತನ ಕೆಲಸ ಹೋಯಿತೆಂದು ಅವನಿಗೆ ಬೇರೆಲ್ಲರಿಗಿಂತ ಮೊದಲು ತಿಳಿಯಿತು. ದಿನವೂ ಹಾಸಿಗೆ ಬಟ್ಟೆ ತೂಗಿದರೆ ಒಳಗೆ ಯಾರೋ ಮಲಗಿದ ಕಡೆಯಿಂದ ಏಳುತ್ತಿಲ್ಲವೆಂದು ಅರ್ಥ. ಒಮ್ಮೆ ಅಂಗೈಯಗಲದ ಕಾಲುಚೀಲಗಳು ಸಾಲಾಗಿ ಬಂದವು, ಹತ್ತೇ ದಿನಕ್ಕೆ ನಿಂತುಹೋದವು. ಅವನು ಯಾರಿಗೂ ಹೇಳಲಿಲ್ಲ. ಆದರೆ ಆ ಮನೆಯ ಹೆಂಗಸು ರೇಷನ್ ಕಾರ್ಡಿಗೆಂದು ಫೋಟೋ ತೆಗೆಸಲು ಬಂದಾಗ, ಅವಳೊಬ್ಬಳಿಗೆ ಮಾತ್ರ ಸ್ವಲ್ಪ ನಗಿ ಎನ್ನಲಿಲ್ಲ.

ಇದು ಅವನ ಹುಚ್ಚು, ಮತ್ತು ಇದೇ ಅವನ ಭಯ. ತಂತಿಯ ಮೇಲೆ ಅಂಗಿ ಮಾತ್ರ ಇರುವುದಿಲ್ಲ. ಒಳಬಟ್ಟೆಗಳೂ ಇರುತ್ತವೆ, ಹೆಂಗಸರದೂ. ಊರಿನ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದು ಪರದೆಯ ಮುಂದೆ ಕೂರುವುದು ಅವನ ಮೇಲಿನ ನಂಬಿಕೆಯಿಂದ. ಅವನು ಕದ್ದು ಅವರ ಬಟ್ಟೆ ನೋಡುತ್ತಾನೆಂದು ಗೊತ್ತಾದರೆ ಮುಂದಿನದನ್ನು ಊಹಿಸಲು ಹೆಚ್ಚು ಬುದ್ಧಿ ಬೇಕಿಲ್ಲ. ನಾನು ಬೆಳಕು ನೋಡಿದೆ ಎಂದರೆ ಯಾರು ಕೇಳುತ್ತಾರೆ? ಕ್ಯಾಮೆರಾದ ಗುಂಡಿ ಒತ್ತಿದ ಪ್ರತಿ ಸಲವೂ ಅವನ ಬೆನ್ನು ತಣ್ಣಗಾಗುತ್ತಿತ್ತು. ಒತ್ತುವುದನ್ನು ಮಾತ್ರ ಬಿಡಲಿಲ್ಲ.

ಕೋಟು ಕಳೆದದ್ದು ಒಂದು ಸೋಮವಾರ. ಎರಡನೇ ಅಂತಸ್ತಿನ ಟೀಚರು ತೀರಿಕೊಂಡ ಗಂಡನ ಕಪ್ಪು ಉಣ್ಣೆಯ ಕೋಟನ್ನು ಬೆಳಿಗ್ಗೆ ಗಾಳಿಗೆ ಹಾಕಿದ್ದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಬಗ್ಗಿ ನೋಡಿದಾಗ ಅದು ಇರಲಿಲ್ಲವೆಂದು ಅವರ ಹೇಳಿಕೆ. ಆ ಹೊತ್ತಿಗೆ ಹಿತ್ತಲಿನಲ್ಲಿ ಇದ್ದವಳು ಒಬ್ಬಳೇ, ಕಟ್ಟಡದ ಮೆಟ್ಟಿಲು ತೊಳೆಯುವವಳು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹಾಸಿಗೆ ಹಿಡಿದ ತಾಯಿಯೊಂದಿಗೆ ಇದ್ದವಳು. ಊಟದ ಹೊತ್ತಿಗೆ ತಾಯಿಯನ್ನು ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದವಳು ಕತ್ತಲಾದ ಮೇಲೆ ಬಂದಿದ್ದಳು. ಜೊತೆಗೆ ಕೋಟೂ ಹೋಯಿತೆಂದು ಕಟ್ಟಡವೆಲ್ಲ ತೀರ್ಮಾನಿಸಿತು. ಟೀಚರ ತಮ್ಮ, ಗ್ಯಾರೇಜು ಇಟ್ಟವನು, ಗುರುವಾರ ಸಭೆ ಸೇರಿಸಿ ಅವಳ ಕೋಣೆ ಖಾಲಿ ಮಾಡಿಸುವುದಾಗಿಯೂ ಪೊಲೀಸರಿಗೆ ಒಪ್ಪಿಸುವುದಾಗಿಯೂ ಸಾರಿಬಿಟ್ಟ.

ಅವಳು ಸ್ಟುಡಿಯೋದ ಮೆಟ್ಟಿಲನ್ನೂ ತೊಳೆಯುತ್ತಿದ್ದಳು. ಮಂಗಳವಾರ ಬಕೆಟ್ಟು ಕೆಳಗಿಟ್ಟು ಕೇಳಿದಳು, "ಅಣ್ಣಾ, ನಿಮ್ಮ ಕಿಟಕಿ ಆ ಕಡೆಗೇ ಅಲ್ವಾ? ಏನಾದ್ರೂ ಕಣ್ಣಿಗೆ ಬಿತ್ತಾ?"

"ಆ ಕಿಟಕಿ ನಾನು ತೆಗೆಯೋದೇ ಇಲ್ಲಮ್ಮ."

ಅವಳು ಬಕೆಟ್ಟು ಎತ್ತಿಕೊಂಡಳು. ಆ ಕಿಟಕಿಯ ಕಟ್ಟೆಯನ್ನು ವಾರವಾರವೂ ಒರೆಸುತ್ತಿದ್ದವಳು ಅವಳೇ. ಅಲ್ಲಿ ಧೂಳು ಕೂರುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಅವನಿಗೆ ಗೊತ್ತಿತ್ತು. ಸೋಮವಾರ ಊಟದ ನಂತರ ಕಟ್ಟಡದ ಸಂಘದ ಅಧ್ಯಕ್ಷರು ಪಿಂಚಣಿಯ ಕಾಗದಕ್ಕೆ ಫೋಟೋ ತೆಗೆಸಲು ಬಂದಿದ್ದರು. ಅವರು ಹೋದಮೇಲೆ ರೀಲಿನಲ್ಲಿ ಎರಡು ಚಿತ್ರ ಉಳಿದಿತ್ತು. ಕಿಟಕಿ ತೆಗೆದು ಹೊಡೆದಿದ್ದ. ಸಂಜೆ ತೊಳೆದು ನೇತುಹಾಕಿದ ನೆಗೆಟಿವ್‌ನಲ್ಲಿ ಆ ಕೋಟು ತೂಗುತ್ತಿತ್ತು. ನೆಗೆಟಿವ್‌ನಲ್ಲಿ ಕಪ್ಪು ಬಿಳಿಯಾಗುತ್ತದೆ. ತಲೆಯಿಲ್ಲದ ಒಬ್ಬ ಬಿಳಿಯ ಮನುಷ್ಯ ಎರಡು ತೋಳು ಇಳಿಬಿಟ್ಟು ತನ್ನ ಕಡೆಗೇ ನಿಂತಿದ್ದಾನೆ ಎಂದು ಅವನಿಗೆ ಅನ್ನಿಸಿತು. ಅಂದಿನಿಂದ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಡಾರ್ಕ್ ರೂಮಿಗೆ ಹೊಕ್ಕು ಕೆಂಪು ದೀಪ ಹಾಕಿಕೊಳ್ಳುತ್ತಿದ್ದ. ಕೆಂಪು ದೀಪ ಇದ್ದಾಗ ಬಾಗಿಲು ತೆಗೆಯಬಾರದೆಂದು ಎಲ್ಲರಿಗೂ ಗೊತ್ತು. ಸುಡಬೇಕೆಂದು ನೆಗೆಟಿವನ್ನು ಎರಡು ಸಲ ಒಲೆಯ ಬಳಿಗೆ ಒಯ್ದು ವಾಪಸು ತಂದ. ಅದು ಅವಳ ಮೇಲಿನ ಕನಿಕರವೆಂದು ತಿಳಿಯಬೇಕಾಗಿಲ್ಲ. ಚಿತ್ರ ಚೆನ್ನಾಗಿ ಬಂದಿತ್ತು.

ನೆಗೆಟಿವ್ ಕತ್ತರಿಸಿ ಲಕೋಟೆಗೆ ಹಾಕುವುದು ಹೆಂಡತಿಯ ಕೆಲಸ. ಗುರುವಾರ ಮಧ್ಯಾಹ್ನ ಕತ್ತರಿ ಹಿಡಿದವಳು ಅದನ್ನು ದೀಪಕ್ಕೆ ಹಿಡಿದು ನೋಡಿದಳು.

"ರೀ, ಇದು ಆ ಕೋಟಲ್ವಾ?"

ಅವನು ಸ್ಟೂಲು ಒರೆಸುತ್ತಲೇ ಇದ್ದ.

"ಅಧ್ಯಕ್ಷರ ಮುಖದ ಪಕ್ಕಕ್ಕೇ ಇದೆ. ಊಟ ಆದ್ಮೇಲೂ ಕೋಟು ತಂತಿ ಮೇಲೇ ಇತ್ತು ಅಂದ್ರೆ ಅವಳು ಹ್ಯಾಗ್ರೀ ಕದಿತಾಳೆ? ಅಷ್ಟೊತ್ತಿಗೆ ಅವಳು ಆಸ್ಪತ್ರೇಲಿ."

"ಒಯ್ದು ತೋರಿಸಿದ್ರೆ ಅವರು ಕೋಟು ನೋಡಲ್ಲ ಕಣೆ. ಪಕ್ಕದಲ್ಲಿ ತೂಗ್ತಿರೋ ಒಳಬಟ್ಟೆ ನೋಡ್ತಾರೆ."

ಅವಳು ಮತ್ತೆ ದೀಪಕ್ಕೆ ಹಿಡಿದು ನಕ್ಕಳು. "ಅಧ್ಯಕ್ಷರ ಹೆಂಡತೀದಾ ಇದು? ಅಯ್ಯೋ ಪಾಪ, ಇಷ್ಟು ತೇಪೆ." ಆಮೇಲೆ ನಗು ನಿಲ್ಲಿಸಿ, ಅವನ ಈ ಹುಚ್ಚು ತನಗೆ ಮೊದಲಿನಿಂದ ಗೊತ್ತೆಂದೂ, ಕುಡಿತ ಜೂಜಿಗಿಂತ ಮೇಲೆಂದು ಸುಮ್ಮನಿದ್ದುದಾಗಿಯೂ ಹೇಳಿದಳು. ಅವನು ಹೋಗದಿದ್ದರೆ ತಾನು ಹೋಗುವುದಾಗಿಯೂ ಹೇಳಿದಳು. ಅವಳು ಹೋದರೆ ಏನೇನು ಮಾತಾಡಿಯಾಳೆಂದು ಅವನಿಗೆ ತಿಳಿದಿತ್ತು. ದೊಡ್ಡ ಭಯ ಸಣ್ಣ ಭಯವನ್ನು ನುಂಗಿತು. ಸಂಜೆ ಅವನೇ ಹೊರಟ. ಹೇಳಬೇಕಾದ ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ. ರೀಲು ಉಳಿದಿತ್ತು, ಕಿಟಕಿಯಿಂದ ಸುಮ್ಮನೆ ಹೊಡೆದೆ, ಅದೊಂದೇ ಸಲ.

ಕಟ್ಟಡದ ಕೆಳಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿದ್ದರು. ಟೀಚರು ಕರ್ಚೀಫು ಹಿಡಿದು ಕೂತಿದ್ದರು. ಅವರ ತಮ್ಮ ಕೂತಿರಲಿಲ್ಲ. ಮೆಟ್ಟಿಲು ತೊಳೆಯುವವಳು ಗೋಡೆಗೆ ಒರಗಿ ನಿಂತಿದ್ದಳು. ಅವಳ ಹಿಂದಿನ ಬಾಗಿಲಿನ ಒಳಗಿನಿಂದ ಮುದುಕಿ ಕೆಮ್ಮುವುದು ಕೇಳುತ್ತಿತ್ತು.

ಅಧ್ಯಕ್ಷರು ನೆಗೆಟಿವನ್ನು ಬಲ್ಬಿಗೆ ಹಿಡಿದರು. "ಇದು ನಾನೇ. ಕಣ್ಣು ಮುಚ್ಚಿದ್ದೀನಿ."

"ಅದಕ್ಕೇ ಇನ್ನೊಂದು ತೆಗೆದದ್ದು, ಸರ್."

ಅಧ್ಯಕ್ಷರು ನೇರ ಮನುಷ್ಯ. ತಾವು ಸೋಮವಾರವೇ, ಊಟ ಮುಗಿಸಿಯೇ ಹೋಗಿದ್ದು ನಿಜವೆಂದರು. ತಮ್ಮ ಮುಖದ ನಂತರ ಕೋಟು ಬಂದಿದ್ದರೆ ಕೋಟು ಆ ಹೊತ್ತಿಗೆ ಇದ್ದೇ ಇರಬೇಕೆಂದೂ ಒಪ್ಪಿದರು. ಟೀಚರು, ತಾವು ಕನ್ನಡಕವಿಲ್ಲದೆ ಬಗ್ಗಿ ನೋಡಿದ್ದಿರಬಹುದೆಂದು ಮೆಲ್ಲಗೆ ಹೇಳಿದರು. ಮೆಟ್ಟಿಲು ತೊಳೆಯುವವಳ ಕಡೆ ಯಾರೂ ನೋಡಲಿಲ್ಲ.

ಗ್ಯಾರೇಜಿನವನಿಗೆ ಸಮಾಧಾನವಾಗಲಿಲ್ಲ. "ಕೋಟೇನು ಒಬ್ಬರ ಹತ್ರಾನೇ ಇರುತ್ತಾ? ಇದು ನಮ್ಮಕ್ಕನದೇ ಅಂತ ಏನು ಗ್ಯಾರಂಟಿ?"

"ಎರಡನೇ ತಂತಿ ಯಾವಾಗಲೂ ಟೀಚರದೇ," ಎಂದ ಇವನು.

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಅಲ್ಲಿದ್ದವರಿಗೂ ಕೇಳಿಸಿತು.

"ಯಾವಾಗಲೂ ಅಂದ್ರೆ?" ಗ್ಯಾರೇಜಿನವನು ಹತ್ತಿರ ಬಂದ. ಅವನ ಕೈಯಿಂದ ಗ್ರೀಸಿನ ವಾಸನೆ ಬರುತ್ತಿತ್ತು. "ನಿನಗೆ ಹ್ಯಾಗೆ ಗೊತ್ತು?"

ಬಾಯಿಪಾಠ ಮಾಡಿದ್ದು ಯಾವುದೂ ನಾಲಗೆಗೆ ಬರಲಿಲ್ಲ. ಇಂಥವು ಇನ್ನೂ ಇವೆಯೇ ಎಂದು ಕೇಳಿದ್ದಕ್ಕೆ ತಲೆಯಾಡಿಸಿದ. ಎಷ್ಟು ಕಾಲದಿಂದ ಎಂದಾಗ, ಸ್ಟುಡಿಯೋ ಹಾಕಿದಾಗಿನಿಂದ ಎಂದ. ಒಬ್ಬ ಹೆಂಗಸು ಎದ್ದು ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಆ ಹುಡುಗಿಯ ಫೋಟೋವನ್ನು ಹೋದ ವಾರವಷ್ಟೇ ಅವನು ತೆಗೆದಿದ್ದ.

"ಹಾಗಾದ್ರೆ ಕೋಟಿನ ಮೇಲೆ ಕಣ್ಣಿಟ್ಟು ಕೂತಿದ್ದೋನು ನೀನೇ," ಎಂದ ಗ್ಯಾರೇಜಿನವನು.

ಅಧ್ಯಕ್ಷರು ಕೈಯೆತ್ತಿ ಅವನನ್ನು ತಡೆದರು. ಅವರ ಧ್ವನಿ ಏರಲಿಲ್ಲ, ಅದೇ ಹೆಚ್ಚು ಹೆದರಿಸುವಂತಿತ್ತು. ಕೋಟಿನ ಮಾತು ಬಿಟ್ಟುಬಿಡೋಣ, ಈಕೆಯೂ ಇರಲಿ, ಎಂದರು. ಇವನು ಈಗಲೇ ಹೋಗಿ ಎಲ್ಲ ನೆಗೆಟಿವ್ ತರಬೇಕು. ಎಲ್ಲರ ಎದುರಿಗೇ ಸುಟ್ಟುಬಿಡೋಣ. "ಮೊದಲು ಇದು. ಇದರಲ್ಲಿ ನಮ್ಮನೆಯವರ ಬಟ್ಟೆನೂ ಇದೆ. ಆಮೇಲೆ ಯಾರೂ ಈ ಮಾತೆತ್ತಲ್ಲ. ಮುಂಚಿನ ಹಾಗೆ ನಿಮ್ಮ ಹತ್ರಾನೇ ಫೋಟೋ ತೆಗೆಸ್ತೀವಿ. ಆಯ್ತಾ?"

ಕೇಳಿದ್ದು ನ್ಯಾಯವಲ್ಲವೆಂದು ಹೇಳುವಂತಿರಲಿಲ್ಲ. ಯಾರೋ ಬೆಂಕಿಪೊಟ್ಟಣ ಮುಂದೆ ಹಿಡಿದರು. ಹೂಂ ಎನ್ನುವುದು ಅವನಿಗೆ ಅಭ್ಯಾಸವಾದ ಮಾತು. ಅದು ಗಂಟಲಿಗೆ ಬಂದೂ ಬಿಟ್ಟಿತ್ತು.

"ಸರ್," ಎಂದ, "ನಾಳೆ ಯಾರಾದ್ರೂ ಮತ್ತೆ ಅವರನ್ನ ಕಳ್ಳಿ ಅಂದ್ರೆ?"

ಗ್ಯಾರೇಜಿನವನು ಉಸಿರು ಬಿಡುವುದು ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಇವನು ಅಧ್ಯಕ್ಷರ ಮುಂದೆ ಕೈ ನೀಡಿದ. ಕೈ ಎಷ್ಟು ನಡುಗುತ್ತಿತ್ತೆಂದರೆ ಅಧ್ಯಕ್ಷರು ಅದನ್ನೇ ನೋಡುತ್ತಾ, ಯಾಕೆಂದು ತಿಳಿಯದೆ, ನೆಗೆಟಿವನ್ನು ಅದರಲ್ಲಿ ಇಟ್ಟುಬಿಟ್ಟರು. ಅವನು ಗೋಡೆಯವರೆಗೆ ನಡೆದು ಹೋಗಿ ಅದನ್ನು ಮೆಟ್ಟಿಲು ತೊಳೆಯುವವಳಿಗೆ ಕೊಟ್ಟ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಡಿದಳು.

"ಮಧ್ಯೆ ಮುಟ್ಟಬೇಡಿ," ಎಂದ. "ಅಂಚು ಹಿಡ್ಕೊಳ್ಳಿ."